ದೇವರಾಜ ಅರಸು ಮತ್ತು ನಮ್ಮ ಕಡೆಯ ಜನತಾ ಮನಿ

ಕಡೇಚೂರು: ಆಗಸ್ಟ್ 20 ಬಂದರೆ ಸರ್ಕಾರಿ ಕಚೇರಿಗಳಲ್ಲಿ ದೇವರಾಜ ಅರಸು ಅವರ ಫೋಟೋಕ್ಕೆ ಹಾರ ಬೀಳುತ್ತದೆ. ಭೂಸುಧಾರಣೆ, ಹಿಂದುಳಿದವರ ಮೀಸಲಾತಿ ಅಂತ ಎರಡು ಮಾತಾಡಿ ಭಾಷಣ ಮುಗಿಸ್ತಾರ. ಮನಿ ವಿಷಯ ಯಾರೂ ಎತ್ತಂಗಿಲ್ಲ.

ಅರಸು ಹುಟ್ಟಿದ್ದು 1915ರಲ್ಲಿ, ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ. ಓದು ಮುಗಿಸಿ ಊರಿಗೆ ಬಂದು ಒಕ್ಕಲುತನ ಮಾಡಿದರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ, 1952ರಲ್ಲಿ ಶಾಸಕ, 1972ರಲ್ಲಿ ಮುಖ್ಯಮಂತ್ರಿ. ಮರುವರ್ಷ ನವೆಂಬರ್ 1ಕ್ಕೆ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಯಿತು. ನಿಜಾಮನ ಸೀಮೆಯಿಂದ ಬಂದ ನಮಗೆ ಅದು ಸಣ್ಣ ಮಾತಲ್ಲ.

ಅವರ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರನಿಗೆ ಹೊಲ ಸಿಕ್ಕಿದ್ದು ಎಲ್ಲರಿಗೂ ಗೊತ್ತು. ಆ ಕಾಯ್ದೆಯ 38ನೇ ಕಲಂ ಬಗ್ಗೆ ಗೊತ್ತಿರುವವರು ಕಡಿಮೆ. ಬೇರೆಯವರ ಜಾಗದಲ್ಲಿ ಮನಿ ಮಾಡಿಕೊಂಡಿದ್ದ ಕೃಷಿ ಕೂಲಿಕಾರನಿಗೆ ಆ ಮನಿ, ಅದರ ಜಾಗ ಎರಡರ ಹಕ್ಕನ್ನೂ ಅದು ಕೊಟ್ಟಿತು. ಅದಕ್ಕೂ ಮೊದಲು ಧಣಿ ಸಿಟ್ಟಾದರೆ ಗುಡಿಸಲು ಕಿತ್ತುಕೊಂಡು ಹೋಗಬೇಕಿತ್ತು. ಹಂಗಿದ್ದಾಗ ಕಲ್ಲಿನ ಗ್ವಾಡಿ ಯಾರು ಎಬ್ಬಿಸ್ತಾರ? ನಾಳೆ ಬಿಟ್ಟು ಹೋಗುವ ಜಾಗಕ್ಕೆ ಕಣಕಿ ಗುಡಿಸಲೇ ಸಾಕು. ಹಕ್ಕುಪತ್ರ ಕೈಗೆ ಬಂದ ಮೇಲೆ ಜನ ದುಡ್ಡು ಉಳಿಸಿ ಬುನಾದಿ ಹಾಕಿದರು, ನೆಲಕ್ಕೆ ಫರ್ಸಿ ಹಾಸಿದರು. ನನ್ನ ಲೆಕ್ಕದಲ್ಲಿ ಸಿಮೆಂಟಿಗಿಂತ ಆ ಕಾಗದವೇ ಹೆಚ್ಚು ಮನಿ ಕಟ್ಟಿಸಿದೆ.

ಅರಸು ಸರ್ಕಾರ ನಿವೇಶನ ಹಂಚಿತು, ಜನತಾ ಮನಿಗಳನ್ನೂ ಕಟ್ಟಿಸಿತು. ಅಲ್ಲಿ ಕೊರತೆಯೂ ಇತ್ತು. ಮನಿ ಸಣ್ಣದು, ಮಕ್ಕಳು ದೊಡ್ಡವರಾದರೆ ಮಲಗಲಿಕ್ಕೆ ಜಾಗ ಸಾಲದು. ದಪ್ಪ ಗ್ವಾಡಿ, ಮ್ಯಾಲ ಮಣ್ಣು ಹಾಕಿದ ನಮ್ಮ ಹಳೇ ಮಾಳಗಿ ಮನಿಯ ತಂಪು ತೆಳ್ಳನೆ ಗ್ವಾಡಿಯ ಮನಿಗೆ ಎಲ್ಲಿಂದ ಬರಬೇಕು? ಯಾದಗಿರಿ ಬಿಸಿಲು ಬೆಂಗಳೂರಿನಲ್ಲಿ ಕೂತು ನಕ್ಷೆ ಬರೆಯುವವರಿಗೆ ಗೊತ್ತಾಗಂಗಿಲ್ಲ ಬಿಡ್ರಿ.

ಪಟ್ಟಣಗಳ ಕಥೆ ಬೇರೆ. ಕೊಳಗೇರಿ ಕಾಯ್ದೆ 1973ರಲ್ಲಿ ಬಂತು, ಅದಕ್ಕೊಂದು ಮಂಡಳಿ 1975ರಲ್ಲಿ. 1976ರ ಕಾಯ್ದೆಯಿಂದ ಬೆಂಗಳೂರಿಗೆ ಬಿಡಿಎ ಸಿಕ್ಕಿತು. ಮೈಸೂರಿಗೆ ನಗರ ಸುಧಾರಣಾ ಮಂಡಳಿ ರಾಜರ ಕಾಲದ 1903ರಿಂದಲೇ ಇತ್ತು. ಉಳಿದ ಊರುಗಳಿಗೂ ಅಂಥ ಪ್ರಾಧಿಕಾರ ಮಾಡಬಹುದು ಅನ್ನುವ ಕಾಯ್ದೆ ಬಂದದ್ದು 1987ರಲ್ಲಿ, ಅರಸು ತೀರಿಕೊಂಡ ಐದು ವರ್ಷಕ್ಕೆ. ಹೀಗಾಗಿ ಬಿಡಿಎ ಬಡಾವಣೆಯಲ್ಲಿ ಮೊದಲು ರಸ್ತೆ, ಚರಂಡಿ, ಆಮೇಲೆ ಮನಿ. ಆಗ ಗುಲಬರ್ಗಾ ಜಿಲ್ಲೆಯ ತಾಲ್ಲೂಕಾಗಿದ್ದ ಯಾದಗಿರಿಯಂಥ ಊರುಗಳಲ್ಲಿ ಮೊದಲು ಮನಿ, ಚರಂಡಿಗೆ ಆಮೇಲೆ ಅರ್ಜಿ. ಒಂದೇ ರಾಜ್ಯ, ಒಂದೇ ಸರ್ಕಾರ, ಮನಿ ಮಾತ್ರ ಎರಡು ನಮೂನಿ.

1980ರ ಜನವರಿಯಲ್ಲಿ ಅರಸು ಅಧಿಕಾರ ಬಿಟ್ಟರು. 1982ರ ಜೂನ್ 6ರಂದು ತೀರಿಕೊಂಡರು.

ಈಗ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕೆ 3000 ಎಕರೆಗೂ ಹೆಚ್ಚು ಜಮೀನು ಹೋಗಿದೆ. ಅಂಗಡಿ ಹಿಂದೆ ಬಾಡಿಗೆ ರೂಮು ಕಟ್ಟುವವರು, ಪ್ಲಾಟು ಕೊಳ್ಳುವವರು ಲೇಔಟಿಗೆ ಅನುಮೋದನೆ ಇದೆಯೋ ಇಲ್ಲವೋ ಮೊದಲು ನೋಡ್ರಿ. ಅರಸು ಹೆಸರಿನ ವಸತಿ ಯೋಜನೆ ಇವತ್ತಿಗೂ ಇದೆ, ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ. ಅದು ಅಂಗವಿಕಲರು, ಅಲೆಮಾರಿಗಳು, ಕುಷ್ಠರೋಗದಿಂದ ಗುಣವಾದವರು ಮುಂತಾದ ವಿಶೇಷ ವರ್ಗದವರಿಗೆ. ಅದಕ್ಕೂ ಮೊದಲು ಕೇಳುವುದು ಜಾಗದ ಕಾಗದವನ್ನೇ.