ಕಬ್ಬಿಣದ ನೇಗಿಲಿಗೆ ಎರಡು ವರ್ಷ ಗಿರಾಕಿಯೇ ಇರಲಿಲ್ಲ: ಬೆಳಗಾವಿ ಬಿಟ್ಟು ಹೋದ ಲಕ್ಷ್ಮಣರಾವ್ ಕಿರ್ಲೋಸ್ಕರ್

ಬೆಳಗಾವಿ: ಇಲ್ಲಿಂದ ಮಿರಜ್ ದಾಟಿ ಪುಣೆ ಕಡೆ ಹೋಗುವ ರೈಲು ಹತ್ತಿದವರಿಗೆ ಸಾಂಗಲಿ ಆದ ಮೇಲೆ ಕಿರ್ಲೋಸ್ಕರವಾಡಿ ಅಂತ ಒಂದು ನಿಲ್ದಾಣ ಸಿಗುತ್ತದೆ. ಪಂಪ್ ಕಾರ್ಖಾನೆಯ ಊರು. ಬೆಳಗಾವಿ ಪೇಟೆಯೊಳಗೂ ಒಂದು ಕಿರ್ಲೋಸ್ಕರ್ ರಸ್ತೆ ಇದೆ. ಹಬ್ಬ ಬಂದರೆ ಕಾಲಿಡಲು ಜಾಗ ಇರೋದಿಲ್ಲ. ಆ ನಿಲ್ದಾಣಕ್ಕೂ ಈ ರಸ್ತೆಗೂ ಒಬ್ಬನೇ ಮನುಷ್ಯನ ಹೆಸರು. ಆತ ನಮ್ಮ ಜಿಲ್ಲೆಯವರು. ಅವರ ಕಾರ್ಖಾನೆಯೂ ಇಲ್ಲೇ ಶುರುವಾಗಿತ್ತು, ಇಲ್ಲೇ ಉಳಿಯಬೇಕಿತ್ತು.

ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರ್ ಹುಟ್ಟಿದ್ದು 1869ರ ಜೂನ್ 20ರಂದು, ಸವದತ್ತಿ ಹತ್ತಿರದ ಗುರ್ಲಹೊಸೂರಿನಲ್ಲಿ. ಮರಾಠಿ ಮನೆಮಾತಿನ ಕುಟುಂಬ. ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಕೂಡ ಇದೇ ಊರಿನವರು. ಒಂದು ಸಣ್ಣ ಊರು ರಂಗಭೂಮಿಗೂ ಯಂತ್ರಲೋಕಕ್ಕೂ ಒಬ್ಬೊಬ್ಬರನ್ನು ಕೊಟ್ಟಿತು ಅನ್ನುವುದು ಸವದತ್ತಿ ಕಡೆಯವರೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಹುಡುಗನಿಗೆ ಶಾಲೆಯ ಪುಸ್ತಕದ ಮೇಲೆ ಮನಸ್ಸಿರಲಿಲ್ಲ. ಚಿತ್ರ ಬರೆಯುವುದು, ಯಂತ್ರ ಕಂಡರೆ ಅದರೊಳಗೆ ಏನಿದೆ ಅಂತ ನೋಡುವುದು, ಇವೆರಡೇ ಹುಚ್ಚು. 1885ರಲ್ಲಿ ಮುಂಬೈನ ಜೆ.ಜೆ. ಕಲಾಶಾಲೆ ಸೇರಿದರು. ಅಲ್ಲಿ ಆದದ್ದು ದೊಡ್ಡ ಪೆಟ್ಟು. ಅವರ ಕಣ್ಣಿಗೆ ಕೆಲವು ಬಣ್ಣಗಳ ವ್ಯತ್ಯಾಸವೇ ಗೊತ್ತಾಗುತ್ತಿರಲಿಲ್ಲ. ಚಿತ್ರಕಾರನಾಗಲು ಹೋದವನಿಗೆ ಇದಕ್ಕಿಂತ ಕೆಟ್ಟ ಸುದ್ದಿ ಇನ್ನೇನು? ಆದರೆ ಯಂತ್ರದ ನಕ್ಷೆ ಬರೆಯಲು ಬಣ್ಣ ಬೇಡ. ಗೆರೆ ನೇರ ಇರಬೇಕು, ಅಳತೆ ಪಕ್ಕಾ ಇರಬೇಕು. ಮೆಕ್ಯಾನಿಕಲ್ ಡ್ರಾಯಿಂಗ್ ಹಿಡಿದರು. 1887ರಲ್ಲಿ ಶುರುವಾಗಿದ್ದ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದೇ ವಿಷಯಕ್ಕೆ ಮಾಸ್ತರರಾದರು.

ಪಾಠ ಹೇಳುವುದರ ಜೊತೆಗೆ ಅವರು ಅಲ್ಲಿನ ವರ್ಕ್‌ಶಾಪ್‌ನಲ್ಲಿ ಕೈ ಕೊಳೆ ಮಾಡಿಕೊಂಡು ಕಲಿತರು. ಯಾವ ಪದವಿಯೂ ಇರಲಿಲ್ಲ. ಯಂತ್ರ ಬಿಚ್ಚುವುದು, ಮತ್ತೆ ಜೋಡಿಸುವುದು, ಯಾವ ಭಾಗ ಯಾವುದನ್ನು ತಿರುಗಿಸುತ್ತದೆ ಅಂತ ತಿಳಿದುಕೊಳ್ಳುವುದು, ಇದೇ ಓದು. ಗ್ಯಾರೇಜಿನಲ್ಲಿ ಕೆಲಸ ಕಲಿತ ನಮ್ಮ ಹುಡುಗರಿಗೆ ಈ ದಾರಿ ಹೊಸದೇನಲ್ಲ.

ಆ ಹೊತ್ತಿಗೆ ಸೈಕಲ್ ಬಂತು. ಒಬ್ಬ ಸೈಕಲ್ ತುಳಿಯುವುದನ್ನು ಕಂಡ ಲಕ್ಷ್ಮಣರಾಯರಿಗೆ ಅದು ಮಾರಾಟದ ವಸ್ತು ಅಂತ ಕೂಡಲೇ ಹೊಳೆಯಿತು. ತಾವು ಮುಂಬೈನಲ್ಲಿ ಕೊಂಡು ಬೆಳಗಾವಿಗೆ ಕಳಿಸುವುದು, ಇಲ್ಲಿ ಅಣ್ಣ ರಾಮಚಂದ್ರರಾವ್, ಎಲ್ಲರ ಬಾಯಲ್ಲಿ ರಾಮುಅಣ್ಣ, ಮಾರುವುದು. ಆಗಿನ ಕಾಲಕ್ಕೆ ಒಂದು ಸೈಕಲ್‌ಗೆ 700ರಿಂದ 1000 ರೂಪಾಯಿ. ಕೊಂಡವರಿಗೆ ತುಳಿಯಲು ಬರಬೇಕಲ್ಲ? ಅದನ್ನು ಕಲಿಸಲು ರಾಮುಅಣ್ಣ 15 ರೂಪಾಯಿ ತೆಗೆದುಕೊಳ್ಳುತ್ತಿದ್ದರು. ರಿಪೇರಿಯೂ ಅಲ್ಲೇ. ಅಂಗಡಿ ಇದ್ದ ಬೀದಿಯೇ ಇವತ್ತಿನ ಕಿರ್ಲೋಸ್ಕರ್ ರಸ್ತೆ. ಕಿರ್ಲೋಸ್ಕರ್ ಸಮೂಹ ತನ್ನ ಹುಟ್ಟಿದ ವರ್ಷ 1888 ಅಂತ ಹೇಳಿಕೊಳ್ಳುವುದು ಈ ಸೈಕಲ್ ಅಂಗಡಿಯ ಲೆಕ್ಕದಿಂದಲೇ.

ಮುಂಬೈನಲ್ಲಿ ತಮಗೆ ಸಿಗಬೇಕಿದ್ದ ಬಡ್ತಿ ಬೇರೊಬ್ಬರ ಪಾಲಾದಾಗ ಲಕ್ಷ್ಮಣರಾವ್ ನೌಕರಿಗೆ ಶರಣು ಹೊಡೆದು ಊರಿಗೆ ಬಂದರು. ಬಂದವರು ಸೈಕಲ್‌ಗೆ ಅಂಟಿಕೊಳ್ಳಲಿಲ್ಲ. ಸುತ್ತ ನೋಡಿದರೆ ಇದ್ದದ್ದು ಹೊಲ, ಎತ್ತು, ಒಕ್ಕಲುತನ. ಮೊದಲು ಕೈಹಾಕಿದ್ದು ಮೇವು ಕತ್ತರಿಸುವ ಯಂತ್ರಕ್ಕೆ. ದೊಡ್ಡ ಗಾಲಿ, ಅದಕ್ಕೆ ಕೂಡಿಸಿದ ಅಲಗು, ತಿರುಗಿಸಲು ಹಿಡಿಕೆ. ಇಡೀ ಕಣಿಕೆ ಹಾಕಿದರೆ ದನ ಎಲೆ ತಿಂದು ದಂಟು ತುಳಿದು ಹಾಳು ಮಾಡುತ್ತದೆ. ಸಣ್ಣಗೆ ಕತ್ತರಿಸಿ ಹಾಕಿದರೆ ಬಹುಪಾಲು ಹೊಟ್ಟೆಗೆ ಹೋಗುತ್ತದೆ. ಜೋಳ ಬೆಳೆಯುವ ನಾಡಿನಲ್ಲಿ ಇದರ ಲಾಭ ವಿವರಿಸಿ ಹೇಳಬೇಕಿಲ್ಲ.

ಆಮೇಲೆ ಬಂದದ್ದು ನೇಗಿಲು. 1903ರ ಸುಮಾರಿಗೆ ಕಬ್ಬಿಣದ ನೇಗಿಲು ತಯಾರಾಯಿತು. ಎರಡು ವರ್ಷ ಒಂದೂ ಹೋಗಲಿಲ್ಲ.

ಕಬ್ಬಿಣ ಮಣ್ಣಿಗೆ ವಿಷ ಹತ್ತಿಸುತ್ತದೆ, ಹೊಲ ಕೆಡುತ್ತದೆ ಅನ್ನುವುದು ರೈತರ ಮಾತಾಗಿತ್ತು. ಇವತ್ತು ಕೇಳಿದರೆ ನಗು ಬರಬಹುದು. ಆದರೆ ಹಳೆಯ ನೇಗಿಲು ಹೇಗೆ ಕೆಲಸ ಮಾಡುತ್ತಿತ್ತು ಅಂತ ನೋಡಿದರೆ ಆ ಅಂಜಿಕೆಗೂ ಅರ್ಥ ಇತ್ತು ಅನಿಸುತ್ತದೆ. ಕಟ್ಟಿಗೆಯ ನೇಗಿಲು ಮಣ್ಣನ್ನು ಸೀಳುತ್ತದೆ ಅಷ್ಟೇ, ಮಗುಚುವುದಿಲ್ಲ. ಎರಡು ಸಾಲಿನ ನಡುವೆ ಒಂದಿಷ್ಟು ಮಣ್ಣು ಮುಟ್ಟದೆ ಹಾಗೇ ಉಳಿಯುತ್ತದೆ, ಅದಕ್ಕೇ ಅಡ್ಡ ಮತ್ತೊಂದು ಸಲ ಹೊಡೆಯಬೇಕು. ಕಬ್ಬಿಣದ ನೇಗಿಲಿಗೆ ಕುಳದ ಹಿಂದೆ ಬಾಗಿದ ರೆಕ್ಕೆ ಇರುತ್ತದೆ. ಕುಳ ಕೆಳಗಿನಿಂದ ಕತ್ತರಿಸಿದ ಮಣ್ಣಿನ ಹೆಂಟೆ ಆ ರೆಕ್ಕೆಯ ಮೇಲೆ ಹತ್ತಿ ಮಗುಚಿ ಬೀಳುತ್ತದೆ. ಕರಿಕೆಯ ಬೇರು ಬಿಸಿಲಿಗೆ ಬರುತ್ತದೆ, ಮೇಲಿನ ಕಸ ಕೆಳಗೆ ಹೋಗಿ ಕೊಳೆಯುತ್ತದೆ. ಕೆಲಸ ಒಳ್ಳೆಯದೇ. ಆದರೆ ಅಜ್ಜನ ಕಾಲದಿಂದ ಕೆಳಗೇ ಇದ್ದ ಮಣ್ಣು ಮೇಲೆ ಬಂದು, ಮೇಲಿನದು ಮುಚ್ಚಿಹೋದರೆ ಈ ವರ್ಷದ ಪೈರಿನ ಗತಿ ಏನು? ಒಂದು ಬೆಳೆ ಕೈಕೊಟ್ಟರೆ ಸಾಲಗಾರನ ಮನೆ ಬಾಗಿಲಿಗೆ ಹೋಗಬೇಕಾದವನು ಹೀಗೆ ಕೇಳಲೇಬೇಕು.

ಇನ್ನೊಂದು ಲೆಕ್ಕವೂ ಇತ್ತು. ಕಟ್ಟಿಗೆಯ ನೇಗಿಲು ಮುರಿದರೆ ಊರ ಬಡಿಗ ಇದ್ದಾನೆ, ಕುಳ ಸವೆದರೆ ಕಮ್ಮಾರ ಇದ್ದಾನೆ, ವರ್ಷಕ್ಕೊಮ್ಮೆ ಆಯ ಕೊಟ್ಟರೆ ಆಯಿತು. ಎರಕದ ಕಬ್ಬಿಣ ಹಾಗಲ್ಲ. ಅದನ್ನು ಕಾಯಿಸಿ ಬಡಿದರೆ ಬಾಗುವುದಿಲ್ಲ, ಸೀಳುತ್ತದೆ. ಊರ ಕುಲುಮೆಯಲ್ಲಿ ರಿಪೇರಿ ಇಲ್ಲ. ಸವೆದ ತುದಿ ತೆಗೆದು ಹೊಸ ತುದಿ ಕೂಡಿಸಬೇಕು, ಆ ಹೊಸ ತುದಿ ಹಳೆಯ ಬೋಲ್ಟಿನ ತೂತಿಗೆ ತಪ್ಪದೆ ಕೂಡಬೇಕು. ಡ್ರಾಯಿಂಗ್ ಮಾಸ್ತರನ ವಿದ್ಯೆ ಉಪಯೋಗಕ್ಕೆ ಬರುವುದು ಇಲ್ಲಿಯೇ. ನಕ್ಷೆಯಂತೆ ಕಟ್ಟಿಗೆಯ ಅಚ್ಚು, ಅಚ್ಚಿನಿಂದ ಮರಳಿನ ಮೂಸೆ, ಮೂಸೆಗೆ ಕರಗಿದ ಕಬ್ಬಿಣ. ಆರುವಾಗ ಕಬ್ಬಿಣ ನೂರಕ್ಕೆ ಒಂದರಷ್ಟು ಕುಗ್ಗುತ್ತದೆ, ಅಷ್ಟು ಹೆಚ್ಚಿಟ್ಟೇ ಅಚ್ಚು ಮಾಡಬೇಕು. ಈ ಲೆಕ್ಕ ಉದ್ಯಮಬಾಗ್‌ನ ಫೌಂಡ್ರಿಗಳಲ್ಲಿ ಕೆಲಸ ಮಾಡುವ ಯಾರಿಗಾದರೂ ಗೊತ್ತು. ಹಾಗೆ ಎರೆದರೆ ಮಾತ್ರ ನೂರನೇ ಕುಳವೂ ಮೊದಲನೆಯದರ ಹಾಗೇ ಕೂಡುತ್ತದೆ.

ಎರಡು ವರ್ಷದ ಮೇಲೆ ಮೊದಲ ಗಿರಾಕಿ ಸಿಕ್ಕ. ಹೊಲ ಕೆಡಲಿಲ್ಲ. ನೋಡಿದವರು ಒಬ್ಬೊಬ್ಬರಾಗಿ ಬಂದರು.

ವ್ಯಾಪಾರ ಕುದುರುವ ಹೊತ್ತಿಗೆ ಜಾಗದ ತೊಂದರೆ. ಊರು ಬೆಳೆಸಲು ಆ ಜಾಗ ಬೇಕು ಅಂತಾಯಿತು, ಕಾರ್ಖಾನೆ ಎತ್ತಬೇಕಾಯಿತು. ಯಂತ್ರ, ಕೆಲಸಗಾರರು, ಅರ್ಧ ಮಾಡಿಟ್ಟ ಮಾಲು, ಎಲ್ಲ ಇಟ್ಟುಕೊಂಡು ಎಲ್ಲಿಗೆ ಹೋಗುವುದು? ಆಗ ಕೈಹಿಡಿದದ್ದು ಔಂಧ್ ಸಂಸ್ಥಾನದ ಅರಸ ಬಾಳಾಸಾಹೇಬ ಪಂತ ಪ್ರತಿನಿಧಿ. ಸಾಲವನ್ನೂ ಕೊಟ್ಟರು, ಕುಂಡಲ್ ರೋಡ್ ರೈಲು ನಿಲ್ದಾಣದ ಪಕ್ಕ ಜಮೀನನ್ನೂ ಕೊಟ್ಟರು. ಬೆಳಗಾವಿಗೆ ಇದು ಎಷ್ಟು ದೊಡ್ಡ ನಷ್ಟ ಅಂತ ಆಗ ಯಾರಿಗೂ ಹೊಳೆದಂತಿಲ್ಲ. ಒಂದು ನೇಗಿಲಿನ ಶೆಡ್ಡು ಹೋದರೆ ಏನಾಯಿತು ಅನ್ನುವ ಕಾಲ.

ಸಿಕ್ಕ ಜಾಗವಾದರೂ ಎಂಥದ್ದು? ಪಾಪಾಸುಕಳ್ಳಿ, ಕಲ್ಲು, ನಾಗರಹಾವು. 1910ರ ಮಾರ್ಚ್ 10ರಂದು ಅಲ್ಲಿ ಕಿರ್ಲೋಸ್ಕರವಾಡಿ ಶುರುವಾಯಿತು. ಬೆಳಗಾವಿಯಿಂದ ಕೆಲಸಗಾರರು ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಹೋದರು. ವಿದೇಶದಲ್ಲಿ ಕಾರ್ಖಾನೆ ಮಾಲೀಕರು ಕೆಲಸಗಾರರಿಗಾಗಿ ಊರನ್ನೇ ಕಟ್ಟಿದ್ದನ್ನು ಲಕ್ಷ್ಮಣರಾವ್ ಓದಿದ್ದರು. ಇಲ್ಲೂ ಹಾಗೇ ಮಾಡಿದರು. ಊರು ನೋಡಿಕೊಳ್ಳುವ ಹೊಣೆ ರಾಮುಅಣ್ಣನದು. ಶಾಲೆ ಬಿಟ್ಟವರು ಇಲ್ಲಿ ಎಂಜಿನಿಯರರಾದರು. ದರೋಡೆ ಮಾಡಿ ಜೈಲು ಕಂಡವರು ರಾತ್ರಿ ಕಾವಲಿಗೆ ನಿಂತರು. ಅಸ್ಪೃಶ್ಯತೆಗೆ ಜಾಗ ಇಲ್ಲ ಅಂತ ಮಾಲೀಕರು ಖಡಾಖಂಡಿತ ಹೇಳಿದ್ದರು. ಪ್ರಮಾಣಪತ್ರ ಇಲ್ಲದೆ ಮೇಲೆ ಬಂದವರಿಗೆ ಬೇರೆಯವರ ಪ್ರಮಾಣಪತ್ರವೂ ಮುಖ್ಯ ಅನಿಸಿರಲಿಕ್ಕಿಲ್ಲ.

1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಕಂಪನಿ ಆಯಿತು. ಮುಂದೆ ಪಂಪು ಬಂತು. ಮಗ ಶಂತನುರಾವ್ ಅಮೆರಿಕದ ಎಂಐಟಿಯಲ್ಲಿ ಓದಿ ಬಂದು ಕೆಲಸ ಕೈಗೆತ್ತಿಕೊಂಡರು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, ಅಲ್ಲಿ ಲೇತ್ ತಯಾರಿಕೆ. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್, ಪುಣೆಯಲ್ಲಿ ಆಯಿಲ್ ಎಂಜಿನ್. ಹೀಗೆ ಹೆಸರು ಕರ್ನಾಟಕಕ್ಕೆ ವಾಪಸು ಬಂತು, ಆದರೆ ಹರಿಹರಕ್ಕೆ ಮತ್ತು ಬೆಂಗಳೂರಿಗೆ.

ಲಕ್ಷ್ಮಣರಾವ್ ತೀರಿಕೊಂಡದ್ದು 1956ರ ಸೆಪ್ಟೆಂಬರ್ 26ರಂದು. ಅವರು ಬದುಕಿದ್ದಷ್ಟು ಕಾಲ ಬೆಳಗಾವಿ ಇದ್ದದ್ದು ಮುಂಬೈ ಆಡಳಿತದಲ್ಲಿ. ಅವರು ಹೋಗಿ ಐದು ವಾರಕ್ಕೆ, ನವೆಂಬರ್ 1ರಂದು, ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1969ರಲ್ಲಿ ನೂರು ವರ್ಷ ತುಂಬಿದಾಗ ಅಂಚೆ ಇಲಾಖೆ ಅವರ ಸ್ಟ್ಯಾಂಪ್ ಹೊರಡಿಸಿತು. ಕುಂಡಲ್ ರೋಡ್ ಅನ್ನುವ ನಿಲ್ದಾಣ ಅಷ್ಟರೊಳಗೆ ಹೆಸರು ಬದಲಿಸಿಕೊಂಡಾಗಿತ್ತು.