ಶಿಷ್ಯರ ಕಂಠದಲ್ಲಿ ಉಳಿದ ಗುರು

ನನ್ನ ಬಾಲ್ಯದಲ್ಲಿ ಧಾರವಾಡ ಬಾನುಲಿ ನಿಲಯದಿಂದ ಬಸವರಾಜ ರಾಜಗುರುಗಳ ಗಾಯನ ಪ್ರಸಾರವಾಗುವುದೆಂದರೆ ಮನೆಯ ಹಿರಿಯರು ಕೈಯ ಕೆಲಸ ಬಿಟ್ಟು ಬಂದು ಕೂಡುತ್ತಿದ್ದರು. ಖ್ಯಾಲು ಮುಗಿದು ವಚನಗಾಯನ ಆರಂಭವಾದಾಗ ನಮ್ಮ ಅಜ್ಜ ತಲೆದೂಗುತ್ತ, ಇದು ಗದುಗಿನ ಗವಾಯಿಗಳ ತಾಲೀಮು ಎಂದು ಅಭಿಮಾನದಿಂದ ಹೇಳುತ್ತಿದ್ದರು. ಹಾಡುವವರು ಒಬ್ಬರು, ಹೊಗಳಿಕೆ ಇನ್ನೊಬ್ಬರಿಗೆ. ಇದೇಕೆಂದು ಆಗ ನನಗೆ ತಿಳಿಯುತ್ತಿರಲಿಲ್ಲ. ಆ ಇನ್ನೊಬ್ಬರ ಬಾಳನ್ನು ಅರಿತುಕೊಂಡ ಮೇಲೆ ಅಜ್ಜನ ಮಾತಿನ ಅರ್ಥ ನನಗಾಯಿತು.

ಧಾರವಾಡದ ನಿಲಯ ಆರಂಭವಾದದ್ದು 1950ರ ಜನವರಿ 8ರಂದು. ಪಂಚಾಕ್ಷರ ಗವಾಯಿಗಳು 1944ರ ಜೂನ್ ತಿಂಗಳಲ್ಲಿಯೇ ತೀರಿಕೊಂಡಿದ್ದರು. ತಮ್ಮ ನಾಡಿನ ಗಾಳಿಯಲ್ಲಿ ತಮ್ಮ ಶಿಷ್ಯರ ಕಂಠ ಹರಿದುಬಂದುದನ್ನು ಅವರು ಕೇಳಲಿಲ್ಲ. ಆದರೆ ಆ ನಿಲಯ ನಾಡಿಗೆ ಕೇಳಿಸಿದ ಸಂಗೀತದಲ್ಲಿ ಒಂದು ದೊಡ್ಡ ಪಾಲನ್ನು ಸಿದ್ಧಗೊಳಿಸಿಟ್ಟು ಹೋದವರು ಅವರೇ.

ಅವರು ಹುಟ್ಟಿದ್ದು 1892ರಲ್ಲಿ, ಹಾನಗಲ್ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ. ಮೊದಲ ಹೆಸರು ಗದಿಗೆಯ್ಯ. ಅವರಿಗೂ ಅಣ್ಣ ಗುರುಬಸಯ್ಯನಿಗೂ ಕಣ್ಣಿರಲಿಲ್ಲ. ಆ ಕಾಲದ ಹಳ್ಳಿಯಲ್ಲಿ ಕುರುಡು ಮಗುವಿನ ಪಾಲಿಗೆ ಇದ್ದದ್ದು ಮನೆಯ ಮೂಲೆ, ಇಲ್ಲವೆ ಭಿಕ್ಷೆಯ ದಾರಿ. ಈ ಹುಡುಗರ ಕಂಠವನ್ನು ಗುರುತಿಸಿ ಕೈಹಿಡಿದವರು ಹಾನಗಲ್ಲ ಕುಮಾರಸ್ವಾಮಿಗಳು. 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಈ ಮಹನೀಯರು ಸಂಗೀತವನ್ನು ಅಂಧರ ಬಾಳಿಗೆ ಆಧಾರವಾಗಬಲ್ಲ ವಿದ್ಯೆಯೆಂದು ಕಂಡರು. ಅವರ ಆಶ್ರಯದಲ್ಲಿ ಗದಿಗೆಯ್ಯ ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತವನ್ನು ಅಭ್ಯಾಸ ಮಾಡಿದರು. ಅನಂತರ ನೀಲಕಂಠಬುವಾ ಮಿರಜಕರರಲ್ಲಿ ಹಿಂದುಸ್ತಾನೀ ಸಂಗೀತವನ್ನು ಕಲಿತರು. ಮಲ್ಲಿಕಾರ್ಜುನ ಮನಸೂರರೂ ಇದೇ ಗುರುಗಳಲ್ಲಿ ಶಿಕ್ಷಣ ಪಡೆದರು. ಹೀಗೆ ದಕ್ಷಿಣ ಉತ್ತರಗಳ ಎರಡು ಪದ್ಧತಿಗಳೂ ಒಂದೇ ಕಂಠದಲ್ಲಿ ಮನೆಮಾಡಿದವು.

ಇಷ್ಟು ಪಾಂಡಿತ್ಯ ಪಡೆದವರು ಅರಮನೆಯ ಆಶ್ರಯವನ್ನು ಅರಸಿ ಹೋಗಬಹುದಿತ್ತು. ಗವಾಯಿಗಳು ಹಿಡಿದ ದಾರಿ ಬೇರೆ. ಕಣ್ಣಿಲ್ಲದ, ಗತಿಯಿಲ್ಲದ ಮಕ್ಕಳನ್ನು ಕೂಡಿಸಿಕೊಂಡು ಊರೂರು ತಿರುಗುವ ಸಂಗೀತ ಪಾಠಶಾಲೆಯೊಂದನ್ನು ಅವರು ನಡೆಸಿದರು. ಕಟ್ಟಡವಿಲ್ಲ, ನಿಧಿಯಿಲ್ಲ. ಯಾವ ಊರಿನಲ್ಲಿ ಭಕ್ತರು ಅನ್ನವಿಕ್ಕಿದರೋ ಅಲ್ಲಿಯೇ ಶಾಲೆ. ತಂಬೂರಿ, ತಬಲಾ, ಹಾಸಿಗೆಗಳನ್ನು ಹೊತ್ತು ಮುಂದಿನ ಊರಿಗೆ ಪಯಣ. ಕಾಣದ ಗುರುವಿನ ಹಿಂದೆ ಕಾಣದ ಶಿಷ್ಯರು ನಡೆದ ಆ ದಾರಿಯನ್ನು ನೆನೆದಾಗಲೆಲ್ಲ, ಕಣ್ಣಿದ್ದೂ ನಾವು ಎಷ್ಟು ದೂರ ನಡೆದೆವು ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ.

ಕೊನೆಗೆ ಶಾಲೆ ನೆಲೆ ನಿಂತದ್ದು ಗದುಗಿನಲ್ಲಿ. ಬಸರಿಗಿಡದ ವೀರಪ್ಪನವರೆಂಬ ದಾನಿಗಳು ನೆರವಾದರು. ಆಶ್ರಮಕ್ಕೆ ವೀರೇಶ್ವರ ಪುಣ್ಯಾಶ್ರಮವೆಂಬ ಹೆಸರಾಯಿತು. ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ಭಾರತವನ್ನು ಹಾಡಿದ ಊರು ಅದು; ಲಕ್ಷ್ಮೇಶ್ವರವೆಂಬ ಹಳೆಯ ಪುಲಿಗೆರೆಯ ನೆರೆಯೂ ಹೌದು. ಅಲ್ಲಿ ಜಾತಿಮತಗಳನ್ನೆಣಿಸದೆ ಮಕ್ಕಳಿಗೆ ಅನ್ನವೂ ವಿದ್ಯೆಯೂ ದೊರೆಯತೊಡಗಿದವು. ನಿತ್ಯದ ಖರ್ಚಿಗಾಗಿ ನಾಟಕ ಕಂಪನಿಯನ್ನೂ ಕಟ್ಟಿದರು. ರಂಗದ ಮೇಲಿನ ಹಾಡು ಒಲೆಯ ಮೇಲಿನ ಗಂಜಿಗೆ ದಾರಿಯಾಯಿತು.

ಅವರ ಗುರುತನ ಎಂಥದೆಂಬುದನ್ನು ತಿಳಿಯಲು 1936ರ ಹಂಪೆಯ ಸಮಾರಂಭವನ್ನು ನೆನೆದರೆ ಸಾಕು. ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ. ಹದಿನಾರರ ಆಸುಪಾಸಿನ ಬಸವರಾಜ ರಾಜಗುರು ದೊಡ್ಡ ಸಭೆಯ ಮುಂದೆ ಹಾಡಲು ಕುಳಿತಾಗ ಪಕ್ಕದಲ್ಲಿ ತಬಲಾ ಹಿಡಿದು ಕುಳಿತವರು ಸ್ವತಃ ಗವಾಯಿಗಳು. ನಾಡೆಲ್ಲ ಗೌರವಿಸುವ ಗುರು ಶಿಷ್ಯನಿಗೆ ಸಾಥಿಯಾದರು. ಸಭೆಯಲ್ಲಿ ಶಿಷ್ಯನ ಕಂಠ ಮುಂದೆ, ಗುರುವಿನ ಕೈ ಹಿಂದೆ. ಅವರ ಇಡೀ ಬಾಳಿನ ನಡೆಯೇ ಇದು.

ರಾಜಗುರುಗಳಲ್ಲದೆ ಸಿದ್ಧರಾಮ ಜಂಬಲದಿನ್ನಿ, ಅರ್ಜುನಸಾ ನಾಕೋಡ ಮೊದಲಾದವರು ಅವರ ಕೈಯಲ್ಲಿ ಬೆಳೆದರು. ಎಲ್ಲರಿಗಿಂತ ಹತ್ತಿರದವರು 1914ರಲ್ಲಿ ಜನಿಸಿದ ಪುಟ್ಟರಾಜರು. ಅವರೂ ಕಣ್ಣು ಕಳೆದುಕೊಂಡವರೇ. ಗುರು ಅಗಲಿದಾಗ ಅವರಿಗೆ ಮೂವತ್ತು ವರ್ಷ. ಆಸ್ತಿಯೆಂದು ದೊರೆತದ್ದು ಹಸಿದ ಮಕ್ಕಳು ಮತ್ತು ಕಲಿಸುವ ಹೊಣೆ. ಅದನ್ನು ಅವರು 2010ರ ಸೆಪ್ಟೆಂಬರಿನಲ್ಲಿ ತೀರಿಕೊಳ್ಳುವವರೆಗೆ, ಅರುವತ್ತಾರು ವರ್ಷ, ಇಳಿಸದೆ ಹೊತ್ತರು. ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಗ್ರಂಥಗಳನ್ನು ರಚಿಸಿದರು. ಅದೇ ವರ್ಷ ಅವರಿಗೆ ಪದ್ಮಭೂಷಣ ಸಂದಿತ್ತು. ಇಂದು ನಾವು ಕೇಳುವ ವೆಂಕಟೇಶಕುಮಾರರ ಕಂಠ ಅವರಲ್ಲಿ ಹದಗೊಂಡದ್ದು.

1922ರಲ್ಲಿ ಜನಿಸಿದ, ಗದುಗಿನವರೇ ಆದ ಭೀಮಸೇನ ಜೋಶಿಯವರು ಗುರುವನ್ನರಸಿ 1933ರಲ್ಲಿ ಮನೆಬಿಟ್ಟು ಹೊರಟರು. ಅವರ ಕೀರ್ತಿಯನ್ನು ಜಗತ್ತೇ ಬಲ್ಲದು. ಗವಾಯಿಗಳಾದರೋ ಗುರುವನ್ನರಸಿ ಹೋಗಲಾರದ ಮಕ್ಕಳಿಗಾಗಿ ಗದುಗಿನಲ್ಲಿ ನಿಂತರು. ಆ ಊರಿನ ಸಂಗೀತಕ್ಕೆ ಈ ಎರಡೂ ಬೇಕಾಗಿದ್ದವು.

2006ರಿಂದೀಚೆಗೆ ಸಂಘಸಂಸ್ಥೆಗಳೂ ಸಮುದಾಯ ಬಾನುಲಿಯನ್ನು ನಡೆಸಲು ಸರಕಾರದ ನೀತಿ ಅವಕಾಶ ಕೊಟ್ಟಿದೆ. ಹತ್ತಾರು ಮೈಲಿಯ ಆಚೆಗೆ ಕೇಳಿಸದ ಸಣ್ಣ ನಿಲಯಗಳು ಇವು. ಗದಗ-ಬೆಟಗೇರಿಯ ಮಟ್ಟಿಗೆ ಅಷ್ಟೇ ದೂರ ಸಾಕೆಂದು ನನಗೆ ತೋರುತ್ತದೆ. ದೊಡ್ಡ ನಿಲಯ ಪಳಗಿದ ಗಾಯಕರನ್ನು ಕೇಳಿಸುತ್ತದೆ. ಇಂಥ ಸಣ್ಣ ನಿಲಯ ಸ್ವರ ತಪ್ಪುತ್ತ, ತಿದ್ದಿಕೊಳ್ಳುತ್ತ ಕಲಿಯುವ ಮಗುವನ್ನು ಕೇಳಿಸಲಿ. ಒಮ್ಮೆ ಆಶ್ರಮದ ಅಂಗಳದಲ್ಲಿ ನಿಂತಾಗ ಒಬ್ಬ ಅಂಧ ಬಾಲಕ ಷಡ್ಜವನ್ನು ಮತ್ತೆ ಮತ್ತೆ ಹಿಡಿಯುತ್ತಿದ್ದುದನ್ನು ಕೇಳಿದೆ. ಗವಾಯಿಗಳಿಗೆ ಪ್ರಿಯವಾದ ಸಂಗೀತ ಅದೇ ಇದ್ದೀತೆಂದು ಅನ್ನಿಸಿತು. ನಮ್ಮಜ್ಜ ಇದ್ದಿದ್ದರೆ ಕೈಯ ಕೆಲಸ ಬಿಟ್ಟು ಅಲ್ಲಿಯೂ ಕೂಡುತ್ತಿದ್ದರು.