ಮಂಗನ ಕಾಯಿಲೆಯನ್ನು ಸೈಬೀರಿಯಾದ ಹಕ್ಕಿಗಳು ತಂದವೇ? ಸಲೀಂ ಅಲಿ ಬೆನ್ನುಹತ್ತಿದ ಅನುಮಾನ

ವಲಸೆ ಹಕ್ಕಿಗಳು ಹೊರದೇಶದಿಂದ ಮಂಗನ ಕಾಯಿಲೆ (ಕೆಎಫ್‌ಡಿ) ತಂದವು ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ವಾಟ್ಸ್‌ಆ್ಯಪ್‌ನಲ್ಲಿ ಹುಟ್ಟಿದ ಕಥೆಯಲ್ಲ. ಒಂದು ಕಾಲದಲ್ಲಿ ವಿಜ್ಞಾನಿಗಳಿಗೇ ಈ ಅನುಮಾನ ಇತ್ತು. ಅದರ ಬೆನ್ನುಹತ್ತಿದವರು ಪಕ್ಷಿತಜ್ಞ ಸಲೀಂ ಅಲಿ.

ಸಲೀಂ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬೈಯಲ್ಲಿ. ಚಿಕ್ಕಂದಿನಲ್ಲೇ ತಂದೆ-ತಾಯಿ ತೀರಿಕೊಂಡರು, ಸೋದರಮಾವ ಸಾಕಿದರು. ಆಟದ ಬಂದೂಕಿನಿಂದ ಹೊಡೆದ ಗುಬ್ಬಿಯ ಕತ್ತಿನಲ್ಲಿ ಹಳದಿ ಗುರುತು ಕಂಡು, ಅದು ಯಾವ ಹಕ್ಕಿ ಎಂದು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದರು. ಆ ಸಂಸ್ಥೆಯ ನಂಟು ಕೊನೆಯವರೆಗೂ ಉಳಿಯಿತು. ಕಾಲೇಜು ಪದವಿ ಇಲ್ಲದಿದ್ದರೂ ಬರ್ಲಿನ್‌ಗೆ ಹೋಗಿ ಪಕ್ಷಿಶಾಸ್ತ್ರ ಕಲಿತರು. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನೂ ಮಾಡಿದರು.

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಹಳ್ಳಿಗಳ ಜನರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರ ಹೊಸ ವೈರಸ್ಸನ್ನು ಪತ್ತೆಹಚ್ಚಿತು. ಅದನ್ನು ಹರಡುವುದು ಕಾಡಿನ ಉಣುಗು ಎಂಬುದೂ ತಿಳಿಯಿತು. ಆದರೆ ಅಂದಿನ ರಕ್ತಪರೀಕ್ಷೆಗಳಲ್ಲಿ ಈ ವೈರಸ್, ರಷ್ಯಾದಲ್ಲಿ ಉಣುಗಿನಿಂದ ಬರುವ ಮಿದುಳು ಜ್ವರದ ವೈರಸ್ಸಿನ ಹಾಗೆಯೇ ಕಂಡಿತು.

ಏಕೆ ಹೀಗೆ? ವೈರಸ್ ಹೊಕ್ಕಾಗ ನಮ್ಮ ದೇಹ ಪ್ರತಿಕಾಯಗಳನ್ನು ತಯಾರಿಸುತ್ತದೆ. ಅಂದಿನ ಪರೀಕ್ಷೆಗಳು ಹುಡುಕುತ್ತಿದ್ದುದು ಇವನ್ನೇ. ಒಂದೇ ಬಳಗದ ವೈರಸ್‌ಗಳು ಅಣ್ಣತಮ್ಮಂದಿರ ಹಾಗೆ. ಒಂದರ ಪ್ರತಿಕಾಯ ಇನ್ನೊಂದನ್ನೂ ಹಿಡಿಯುತ್ತದೆ. ಆ ಪರೀಕ್ಷೆ ಬಳಗ ಯಾವುದೆಂದು ಹೇಳುತ್ತಿತ್ತು, ಆದರೆ ಆಳನ್ನು ಖಚಿತವಾಗಿ ಗುರುತಿಸುತ್ತಿರಲಿಲ್ಲ.

ಹಾಗಾದರೆ ಚಳಿಗಾಲಕ್ಕೆ ಉತ್ತರದಿಂದ ಬರುವ ಹಕ್ಕಿಗಳೇ ಉಣುಗನ್ನು ಹೊತ್ತು ತಂದವೇ? ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿ 1959ರಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸ ಆರಂಭಿಸಿದರು. ಹಿಡಿದ ಹಕ್ಕಿಗಳ ಮೈಮೇಲಿನ ಉಣುಗುಗಳನ್ನೂ ಸಂಗ್ರಹಿಸಲಾಯಿತು. ಮುಂದೆ ಅಮೆರಿಕದ ಸೈನ್ಯದ ಹಣವೂ ಬಂತು. ಇದರಿಂದ 1970ರ ದಶಕದಲ್ಲಿ, ಇದು ರೋಗಾಣು ಯುದ್ಧದ ತಯಾರಿ ಎಂಬ ಆರೋಪ ಎದ್ದಿತು. ಹಣ ಬಂದದ್ದು ನಿಜ. ಆದರೆ ಯುದ್ಧದ ಆರೋಪವನ್ನು ಅವರು ತಳ್ಳಿಹಾಕಿದರು.

ಹಕ್ಕಿಗಳ ವಲಸೆ ದಾರಿಗಳ ಬಗ್ಗೆ ಅಪಾರ ಮಾಹಿತಿ ಸಿಕ್ಕಿತು. ಹಕ್ಕಿಗಳೇ ಈ ರೋಗ ತಂದವು ಎನ್ನಲು ಮಾತ್ರ ಪುರಾವೆ ಸಿಗಲಿಲ್ಲ. ಸಲೀಂ ಅಲಿ 1987ರ ಜೂನ್ 20ರಂದು ತೀರಿಕೊಂಡರು. 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಸಿಕ್ಕ ಅಲ್‌ಖುರ್ಮಾ ವೈರಸ್ಸೇ ಕೆಎಫ್‌ಡಿಗೆ ತೀರಾ ಹತ್ತಿರದ್ದು ಎಂದು ವಂಶವಾಹಿ ಪರೀಕ್ಷೆ ತೋರಿಸಿತು.

ರಕ್ತಪರೀಕ್ಷೆಯೂ ಸುಧಾರಿಸಿತು. ಮೊದಲು ರೋಗಿಯ ರಕ್ತವನ್ನು ಇಲಿಮರಿಗಳಿಗೆ ಚುಚ್ಚಿ ದಿನಗಟ್ಟಲೆ ಕಾಯಬೇಕಿತ್ತು. 2012ರ ಹೊತ್ತಿಗೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಕೆಎಫ್‌ಡಿಗೆಂದೇ ಆರ್‌ಟಿ-ಪಿಸಿಆರ್ ಮತ್ತು ಐಜಿಎಂ ಎಲೈಸಾ ಪರೀಕ್ಷೆಗಳನ್ನು ರೂಪಿಸಿತು. ಪಿಸಿಆರ್ ವೈರಸ್ಸಿನ ವಂಶವಾಹಿಯನ್ನೇ ಹುಡುಕುವುದರಿಂದ ಜ್ವರದ ಮೊದಲ ದಿನಗಳಲ್ಲೇ ಉಪಯುಕ್ತ. ಪ್ರತಿಕಾಯ ಮೂಡಲು ಕೆಲವು ದಿನ ಬೇಕು, ಎಲೈಸಾ ಆಮೇಲಿನದು.

ಜೋಯಿಡಾದ ಕ್ಯಾಸಲ್‌ರಾಕ್ ಕಡೆಯವರಿಗೆ ಇದು ಹಳೆಯ ಕಥೆಯಷ್ಟೇ ಅಲ್ಲ. ಗಡಿಯಾಚೆ ಗೋವಾದ ಸತ್ತರಿಯಲ್ಲಿ 2015ರಲ್ಲಿ, ಮಹಾರಾಷ್ಟ್ರದ ದೋಡಾಮಾರ್ಗದಲ್ಲಿ 2016ರಲ್ಲಿ ಈ ರೋಗ ಕಾಣಿಸಿಕೊಂಡಿದೆ. ರೋಗ ತಗುಲಿದ 100 ಜನರಲ್ಲಿ ಸುಮಾರು 3ರಿಂದ 5 ಮಂದಿ ಸಾಯುತ್ತಾರೆ. ಇದಕ್ಕೆಂದೇ ಔಷಧಿ ಇಲ್ಲ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ, ಕಾಡಿಗೆ ಹೋಗಿ ಬಂದವರಿಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಕಾಡಿಗೆ ಹೋಗಿದ್ದನ್ನೂ ಜ್ವರ ಶುರುವಾದ ದಿನವನ್ನೂ ವೈದ್ಯರಿಗೆ ಹೇಳಿ. ಯಾವ ಪರೀಕ್ಷೆ ಮಾಡಬೇಕು ಎಂಬುದು ಅದರ ಮೇಲೆ ನಿಂತಿದೆ. ಫಾರ್ವರ್ಡ್ ಮಾಡುವುದಾದರೆ ಈ ಮಾತನ್ನು ಮಾಡಿ ಎಂಬುದು ನಮ್ಮ ಕೋರಿಕೆ.